ಚಿಪ್ಪರ್ ಕೊಂಬೆ ಎಳೆಯುತ್ತಿಲ್ಲವೇ? ಮೊದಲು ಚೂರು ನೋಡಿ

ಗೋವಾದ ಫೋಂಡಾ ಕಡೆಯ ಕುಳಾಗರ ನಮ್ಮ ಉತ್ತರ ಕನ್ನಡದ ಅಡಿಕೆ ತೋಟದ ಹಾಗೆಯೇ ಇರುತ್ತದೆ. ಅಡಿಕೆ, ತೆಂಗು, ನಡುವೆ ಬಾಳೆ, ಕಾಳುಮೆಣಸು, ಜಾಯಿಕಾಯಿ. ಅಂಚಿನಲ್ಲಿ ಹಲಸು, ಮುರುಗಲು, ಗೇರು. ವರ್ಷವಿಡೀ ಏನಾದರೊಂದು ಬೀಳುತ್ತಲೇ ಇರುತ್ತದೆ. ಮಳೆಗೆ ಮೊದಲು ಕೊಂಬೆ ಸವರಿದರೆ ಒಂದು ರಾಶಿ, ಚವತಿ ಮುಗಿದ ಮೇಲೆ ಪೊದೆ ಸವರಿದರೆ ಇನ್ನೊಂದು ರಾಶಿ. ಮೊದಲೆಲ್ಲ ಬೆಂಕಿ ಹಾಕುತ್ತಿದ್ದೆವು. ಈಗ ಐದು ವರ್ಷದಿಂದ ಒಂದು ಸಣ್ಣ ಪೆಟ್ರೋಲ್ ಚಿಪ್ಪರ್, ಅಂದರೆ ಕೊಂಬೆಯನ್ನು ಚೂರು ಮಾಡುವ ಯಂತ್ರ, ಇಟ್ಟುಕೊಂಡಿದ್ದೇವೆ. ಚೂರೆಲ್ಲ ಮರದ ಬುಡಕ್ಕೆ ಹೋಗುತ್ತದೆ.

ಮಡಗಾಂವ್, ವಾಸ್ಕೋ ಕಡೆಯ ಕನ್ನಡದ ಗೆಳೆಯರು, ಅಕ್ಕಪಕ್ಕದ ತೋಟದವರು ಫೋನ್ ಮಾಡಿದರೆ ಹೆಚ್ಚುಕಡಿಮೆ ಒಂದೇ ಮಾತು: "ಇಂಜಿನ್ ವೀಕ್ ಆಗಿದೆ, ಕೊಂಬೆ ಎಳೀತಾ ಇಲ್ಲ." ಹೋಗಿ ನೋಡಿದರೆ ಬಹಳಷ್ಟು ಸಲ ಇಂಜಿನ್ ಚೆನ್ನಾಗಿಯೇ ಇರುತ್ತದೆ. ಬ್ಲೇಡು ಮೊಂಡಾಗಿರುತ್ತದೆ. ಇಲ್ಲವೇ ಕೊಡಬಾರದ್ದನ್ನು ಬಾಯಿಗೆ ಕೊಟ್ಟಿರುತ್ತಾರೆ.

ನನ್ನ ಮೊದಲ ವರ್ಷವೂ ಹಾಗೇ ಹೋಯಿತು. ಪೇಟೆಯ ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರ್ ತೊಳೆಸಿ, ಸ್ಪಾರ್ಕ್ ಪ್ಲಗ್ ಹಾಕಿಸಿ, 1,800 ರೂಪಾಯಿ ಕೊಟ್ಟು ತಂದೆ. ಮಷಿನ್ ಇದ್ದ ಹಾಗೇ ಇತ್ತು. ಆಗ ನಮ್ಮಲ್ಲಿ ಕೆಲಸಕ್ಕೆ ಬರುವ ಹಾವೇರಿ ಕಡೆಯ ಕಾಕಾ ನೆಲದಿಂದ ಒಂದು ಮುಷ್ಟಿ ಚೂರು ಎತ್ತಿ ನನ್ನ ಕೈಗೆ ಹಾಕಿದರು. "ಅಣ್ಣಾರ, ಇದು ಕಡದದ್ದಲ್ರೀ, ಹರದದ್ದು." ಅವತ್ತಿನಿಂದ ಏನೇ ತೊಂದರೆ ಬಂದರೂ ನಾನು ಮೊದಲು ನೋಡುವುದು ಚೂರನ್ನು. ಇಂಜಿನ್ ಆಮೇಲೆ.

ಇಲ್ಲಿ ಬರೆದಿರುವುದು 6.5 ಅಥವಾ 7 ಎಚ್‌ಪಿ ಪೆಟ್ರೋಲ್ ಇಂಜಿನ್, ಒಂದು ಡ್ರಮ್, ಅದರ ಮೇಲೆ ಎರಡು ಬ್ಲೇಡು, ನಡುವೆ ವಿ-ಬೆಲ್ಟು ಇರುವ ಸಣ್ಣ ಯಂತ್ರಕ್ಕೆ. ಕೊಂಬೆ ಹಾಕುವ ಕಡೆಯನ್ನು ಬಾಯಿ ಎನ್ನುತ್ತೇನೆ. ಡ್ರಮ್ಮಿನ ಬ್ಲೇಡಿಗೆ ಎದುರಾಗಿ ಅಲುಗಾಡದೆ ಕೂತಿರುವ ದಪ್ಪ ಪಟ್ಟಿಯನ್ನು ಅಡಿಬ್ಲೇಡು ಎನ್ನುತ್ತೇನೆ. ಕತ್ತರಿಯ ಒಂದು ಅಲಗು ಡ್ರಮ್ಮಿನಲ್ಲಿದ್ದರೆ ಇನ್ನೊಂದು ಅಲಗು ಅದು.

ಯಾವುದಕ್ಕೂ ಕೈ ಹಾಕುವ ಮೊದಲು

ಇಂಜಿನ್ ಆಫ್ ಮಾಡಿದ ತಕ್ಷಣ ಡ್ರಮ್ ನಿಲ್ಲುವುದಿಲ್ಲ. ಅದು ಭಾರದ ಉಕ್ಕು. ಶಬ್ದ ನಿಂತ ಮೇಲೂ ಸುಮಾರು ಹೊತ್ತು ಸದ್ದಿಲ್ಲದೆ ತಿರುಗುತ್ತಿರುತ್ತದೆ. ಬೆರಳು ಹೋಗುವುದು ಆ ಹೊತ್ತಿನಲ್ಲೇ.

ನಮ್ಮಲ್ಲಿ ಇದಕ್ಕೆ ಒಂದು ಕ್ರಮ ಇದೆ, ಯಾರೂ ಮುರಿಯುವಂತಿಲ್ಲ. ಸ್ವಿಚ್ ಆಫ್. ಪೆಟ್ರೋಲ್ ಕಾಕ್ ಬಂದ್. ಡ್ರಮ್ ಪೂರ್ತಿ ನಿಂತದ್ದನ್ನು ಪುಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುವುದು. ಪ್ಲಗ್ಗಿನ ಕ್ಯಾಪ್ ಕಿತ್ತು ದೂರ ಸರಿಸುವುದು. ಆಮೇಲೆಯೇ ಸ್ಪ್ಯಾನರ್. ಪ್ಲಗ್ ಕ್ಯಾಪ್ ಯಾಕೆ ಅಂದರೆ, ಕೆಲವು ಯಂತ್ರಗಳಲ್ಲಿ ನಡುವೆ ಕ್ಲಚ್ ಇಲ್ಲ. ಡ್ರಮ್ ತಿರುಗಿಸಿದರೆ ಇಂಜಿನ್ನೂ ತಿರುಗುತ್ತದೆ. ಬಿಸಿ ಇಂಜಿನ್ ಅರ್ಧ ಸುತ್ತಿಗೇ ಹತ್ತಿಕೊಂಡರೆ ಕೈ ಒಳಗಿರುತ್ತದೆ.

ಸಿಕ್ಕಿಕೊಂಡ ಕೊಂಬೆ ತಳ್ಳಲು ಒಂದು ಮರದ ಕೋಲು ಇಟ್ಟುಕೊಳ್ಳಿ. ಕಬ್ಬಿಣದ ಸರಳು ಬೇಡವೇ ಬೇಡ. ಲುಂಗಿ, ಪಂಚೆ, ದುಪಟ್ಟಾ, ಸೊಂಟಕ್ಕೆ ಕಟ್ಟಿದ ಟವೆಲ್, ಕೊರಳಿನ ದಾರ, ಯಾವುದೂ ಜೋತಾಡಬಾರದು. ಕೈಗವಸಿನ ಅಂಚು ಸಡಿಲ ಇದ್ದರೆ ಅದೂ ಅಪಾಯವೇ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಿಗೆ ಹಾಕಿ. ಬಾಯಿಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಿ.

ಏನಾದರೂ ಆಗಿಯೇ ಬಿಟ್ಟರೆ ಗಾಯವನ್ನು ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ಬೆರಳು ತುಂಡಾಗಿದ್ದರೆ ತೇವದ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸಿನ ಮೇಲಿಟ್ಟು ಜೊತೆಗೆ ಒಯ್ಯಿರಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು. ಈ ಮಾತು ಬರೆಯುವುದಕ್ಕೆ ಮನಸ್ಸಿಗೆ ಕಷ್ಟ. ಆದರೆ ಮಷಿನ್ ಹತ್ತಿರ ನಿಲ್ಲುವ ಪ್ರತಿಯೊಬ್ಬರಿಗೂ ಇದು ಮೊದಲೇ ಗೊತ್ತಿರಬೇಕು.

ಇಂಜಿನ್ ಶುರುವೇ ಆಗುತ್ತಿಲ್ಲ

ಜೂನಿನಲ್ಲಿ ಮೂಲೆಗೆ ತಳ್ಳಿ, ಚವತಿ ಆದ ಮೇಲೆ ಹೊರಗೆ ತೆಗೆದಾಗ ಬರುವ ತೊಂದರೆ ಇದು.

ಖರ್ಚಿಲ್ಲದ್ದನ್ನು ಮೊದಲು ನೋಡಿ. ಸ್ವಿಚ್ ಆನ್ ಇದೆಯಾ? ಪೆಟ್ರೋಲ್ ಕಾಕ್ ತೆರೆದಿದೆಯಾ? ಚೋಕ್ ಎಳೆದಿದ್ದೀರಾ? ಆಮೇಲೆ ಯಂತ್ರ ಎಲ್ಲಿ ನಿಂತಿದೆ ನೋಡಿ. ನಮ್ಮ ಕಡೆ ತೋಟವೆಲ್ಲ ಇಳಿಜಾರು. ಈ ಇಂಜಿನ್‌ಗಳಲ್ಲಿ ಆಯಿಲ್ ಕಡಿಮೆಯಾದರೆ ಕಿಡಿ ನಿಲ್ಲಿಸುವ ಸೆನ್ಸರ್ ಹೆಚ್ಚಾಗಿ ಇರುತ್ತದೆ. ವಾರೆಯಾಗಿ ನಿಲ್ಲಿಸಿದರೆ ಆಯಿಲ್ ಒಂದು ಕಡೆ ಸರಿದು, ಇದ್ದರೂ ಇಲ್ಲವೆಂದು ಅದು ತಿಳಿಯುತ್ತದೆ. ಸಮತಟ್ಟಾದ ಜಾಗಕ್ಕೆ ತಂದು ಆಯಿಲ್ ಮಟ್ಟ ನೋಡಿ. ಕಡಿಮೆ ಇದ್ದರೆ 10ಡಬ್ಲ್ಯೂ-30 ದರ್ಜೆಯ ಇಂಜಿನ್ ಆಯಿಲ್ ಹಾಕಿ. ಈ ಗಾತ್ರದ ಇಂಜಿನ್ ಒಟ್ಟು ಹಿಡಿಯುವುದೇ ಸುಮಾರು 600 ಮಿಲಿ, ಆದ್ದರಿಂದ ಸ್ವಲ್ಪ ಸ್ವಲ್ಪವೇ ಹಾಕಿ.

ಮುಂದಿನದು ಪೆಟ್ರೋಲ್. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ಶೇ 20ರಷ್ಟು ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ ಮಳೆ ಬೀಳುವ ಗೋವಾದಲ್ಲಿ ಮೂರು ತಿಂಗಳು ಟ್ಯಾಂಕಿನಲ್ಲಿ ಬಿಟ್ಟರೆ ನೀರು ಬೇರೆಯಾಗಿ ತಳಕ್ಕೆ ಇಳಿಯಬಹುದು. ಕಾರ್ಬುರೇಟರಿನ ಕೆಳಗಿನ ಬಟ್ಟಲಿನಲ್ಲಿ ಒಂದು ಸಣ್ಣ ಬೋಲ್ಟು ಇರುತ್ತದೆ. ಅದನ್ನು ಸಡಿಲಿಸಿ ಗಾಜಿನ ಬಾಟಲಿಗೆ ಹಿಡಿಯಿರಿ. ತಳದಲ್ಲಿ ಗುಳ್ಳೆಯಂತೆ ಬೇರೆ ಪದರ ಕಂಡರೆ ಅದು ನೀರು. ಹುಳಿ ವಾಸನೆ ಬಂದರೆ ಹಳಸಿದ ಪೆಟ್ರೋಲ್. ಎರಡಕ್ಕೂ ಮದ್ದು ಒಂದೇ. ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಬಿಸಿ ಇಂಜಿನ್ ಹತ್ತಿರ ಈ ಕೆಲಸ ಬೇಡ, ಬೀಡಿ ಸೇದುವವರನ್ನು ದೂರ ಕಳಿಸಿ.

ಆಮೇಲೆ ಪ್ಲಗ್. ಬಿಚ್ಚಿ ನೋಡಿದಾಗ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗಿದೆ. ಚೋಕ್ ತೆಗೆದು ಹತ್ತು ನಿಮಿಷ ಬಿಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಲೇ ಇಲ್ಲ. ಕಪ್ಪು ಮಸಿ ಕಟ್ಟಿದ್ದರೆ ಏರ್ ಫಿಲ್ಟರ್ ಮುಚ್ಚಿಕೊಂಡಿರಬಹುದು. ಪ್ಲಗ್ಗಿನ ಸಂದು 0.7ರಿಂದ 0.8 ಮಿ.ಮೀ ಇರಬೇಕು. ಅನುಮಾನ ಇದ್ದರೆ ಹೊಸದೇ ಹಾಕಿಬಿಡಿ, ದೊಡ್ಡ ಖರ್ಚೇನಲ್ಲ.

ಸ್ಟಾರ್ಟ್ ಮಾಡುವ ಹಗ್ಗವೇ ಎಳೆಯಲು ಬರುತ್ತಿಲ್ಲವಾ? ಜೋರು ಮಾಡಬೇಡಿ. ಡ್ರಮ್ಮಿನಲ್ಲಿ ಹಳೆಯ ಚೂರು ಗಟ್ಟಿಯಾಗಿ ಕೂತಿರಬಹುದು. ಅಥವಾ ಸಾಗಿಸುವಾಗ ಮಗ್ಗುಲಾಗಿ ಮಲಗಿಸಿ, ಆಯಿಲ್ ಸಿಲಿಂಡರಿಗೆ ಹೋಗಿರಬಹುದು. ಪ್ಲಗ್ ಬಿಚ್ಚಿಟ್ಟು ಮೆಲ್ಲಗೆ ಎಳೆಯಿರಿ. ಆಗ ಸಲೀಸಾಗಿ ತಿರುಗಿ ಆಯಿಲ್ ಹೊರಗೆ ಚಿಮ್ಮಿದರೆ ತೊಂದರೆ ಅಷ್ಟೇ. ಆಗಲೂ ಕದಲದಿದ್ದರೆ ಡ್ರಮ್ ತೆರೆದು ನೋಡಬೇಕು.

ಹತ್ತು ಹದಿನೈದು ನಿಮಿಷ ಓಡಿ ತಾನಾಗಿ ನಿಲ್ಲುತ್ತಿದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹತ್ತುತ್ತದೆ. ಇದಕ್ಕೆ ಟ್ಯಾಂಕಿನ ಮುಚ್ಚಳ ನೋಡಿ. ಗಾಳಿ ಆಡುವ ಸಣ್ಣ ತೂತು ಮರದ ಪುಡಿಯಿಂದ ಮುಚ್ಚಿರುತ್ತದೆ. ಇಂಜಿನ್ ತಣಿದ ಮೇಲೆ ಮುಚ್ಚಳ ತಿರುಗಿಸಿದಾಗ ಸುಂಯ್ ಎಂದು ಗಾಳಿ ಎಳೆದುಕೊಂಡರೆ ಕಾರಣ ಸಿಕ್ಕಿತು.

ಇಷ್ಟೆಲ್ಲ ಮಾಡಿದರೂ ಹತ್ತದಿದ್ದರೆ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ವಾಲ್ವ್, ಕಾಯಿಲ್ ನೋಡುವುದು ಮನೆ ಕೆಲಸವಲ್ಲ.

ಇಂಜಿನ್ ಜೋರಾಗಿಯೇ ಇದೆ, ಕೊಂಬೆ ಮಾತ್ರ ಒಳಗೆ ಹೋಗುತ್ತಿಲ್ಲ

ಹರಿತ ಇರುವ ಚಿಪ್ಪರ್ ಕೊಂಬೆಯನ್ನು ತಾನೇ ಎಳೆದುಕೊಳ್ಳುತ್ತದೆ. ನೀವು ಬಿಟ್ಟರೆ ಸಾಕು. ತಳ್ಳಬೇಕಾಗಿ ಬಂತು, ಕೊಂಬೆ ಬಾಯಲ್ಲೇ ಕುಣಿಯುತ್ತಿದೆ, ಕೈಗೆ ಹೊಡೆತ ಬರುತ್ತಿದೆ ಅಂದರೆ ಯಂತ್ರ ಏನೋ ಹೇಳುತ್ತಿದೆ.

ಯಂತ್ರ ನಿಲ್ಲಿಸಿ ಚೂರು ಎತ್ತಿಕೊಳ್ಳಿ. ಬೆಳಕಿಗೆ ಹಿಡಿಯಿರಿ.

ಚಪ್ಪಟೆ ಬಿಲ್ಲೆಯ ಹಾಗೆ, ಅಂಚು ಸ್ವಚ್ಛವಾಗಿ ಕತ್ತರಿಸಿದ ಚೂರು ಬಂದರೆ ಬ್ಲೇಡು ಚೆನ್ನಾಗಿದೆ. ತೊಂದರೆ ನೀವು ಕೊಡುವ ರೀತಿಯಲ್ಲಿದೆ. ಅಂಚಿನಲ್ಲಿ ನಾರು ಜೋತಾಡುತ್ತಿದ್ದರೆ, ಕಾಕಾ ಹೇಳಿದ ಹಾಗೆ ಹರಿದದ್ದಾದರೆ, ಬ್ಲೇಡು ಮೊಂಡು. ಪುಡಿಯೇ ಜಾಸ್ತಿ ಬರುತ್ತಿದ್ದರೆ ಬ್ಲೇಡು ಕತ್ತರಿಸುವ ಬದಲು ಉಜ್ಜುತ್ತಿದೆ. ಇಲ್ಲವೇ ಹೊರಬರುವ ಕೊಳವೆ ಅರ್ಧ ಮುಚ್ಚಿ, ಒಂದೇ ಚೂರು ಒಳಗೆ ಮತ್ತೆ ಮತ್ತೆ ಸುತ್ತುತ್ತಿದೆ. ಸಣ್ಣ ಕಡ್ಡಿಗಳು ಉದ್ದಕ್ಕೆ ಹಾಗೇ ಹೊರಬಿದ್ದರೆ ಬ್ಲೇಡಿಗೂ ಅಡಿಬ್ಲೇಡಿಗೂ ನಡುವೆ ಸಂದು ಜಾಸ್ತಿಯಾಗಿದೆ. ಒಂದು ಚೂರು ದಪ್ಪ, ಒಂದು ತೆಳು ಬರುತ್ತಿದ್ದರೆ ಎರಡು ಬ್ಲೇಡು ಸಮನಾಗಿ ಕೂತಿಲ್ಲ. ಎಲ್ಲ ಚೂರಿನ ಮೇಲೂ ಒಂದೇ ಜಾಗದಲ್ಲಿ ಗೆರೆ ಇದ್ದರೆ ಬ್ಲೇಡಿನ ಅಂಚು ಆ ಜಾಗದಲ್ಲಿ ಮುರಿದಿದೆ. ಕಲ್ಲೋ ಮೊಳೆಯೋ ಸಿಕ್ಕಿರುತ್ತದೆ.

ಬ್ಲೇಡಿಗೆ ಕೈ ಹಾಕುವ ಮೊದಲು ಕೊಡುವ ರೀತಿಯನ್ನು ಸರಿಮಾಡಿ ನೋಡಿ, ಅದಕ್ಕೆ ಕಾಸು ಬೇಡ. ಕೊಂಬೆಯ ಬುಡ ಮೊದಲು ಹೋಗಬೇಕು, ತುದಿ ಕೊನೆಗೆ. ಕವಲು ಇದ್ದರೆ ಕತ್ತಿಯಿಂದ ಸವರಿ. ಯಂತ್ರದ ಮೇಲೆ 3 ಇಂಚು ಎಂದು ಬರೆದಿದ್ದರೆ ಅದು ಹಸಿ, ಮೆದು ಮರದ ಲೆಕ್ಕ ಅಂತಲೇ ತಿಳಿಯಿರಿ. ಒಣಗಿದ ಗೇರಿನ ಕೊಂಬೆ 2 ಇಂಚು ದಾಟಿದರೆ ನಾನು ಸೌದೆಗೆ ಬಿಡುತ್ತೇನೆ. ಸವರಿದ ವಾರದೊಳಗೆ ಚೂರು ಮಾಡಿದರೆ ಯಂತ್ರಕ್ಕೂ ಸುಲಭ, ಬ್ಲೇಡಿಗೂ ಬಾಳಿಕೆ.

ತೆಂಗಿನ ಮಡಲಿನ ಕತೆ ಬೇರೆ. ಬುಡದ ಅಗಲವಾದ ಹೆಡೆ ಎಷ್ಟು ಹರಿತದ ಸಣ್ಣ ಯಂತ್ರಕ್ಕೂ ತುತ್ತಲ್ಲ. ಎರಡು ಅಡಿ ಬುಡ ಕಡಿದು ಒಲೆಗಿಡಿ. ಉಳಿದ ದಿಂಡನ್ನು ಕಡಿದ ತುದಿಯಿಂದ ಕೊಡಿ. ಹಸಿ ಮಡಲನ್ನೇ ಸಾಲಾಗಿ ಕೊಟ್ಟರೆ ನಾರು ಡ್ರಮ್ಮಿನ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಎರಡು ಮಡಲಿಗೆ ಒಂದು ಮರದ ಕೊಂಬೆ ಕೊಡಿ, ಅದು ನಾರನ್ನು ಹೊತ್ತು ಹೊರಗೆ ಹೋಗುತ್ತದೆ. ಬಿದಿರಿನಲ್ಲಿ ಸಿಲಿಕಾ ಇದೆ, ಬ್ಲೇಡನ್ನು ಬೇಗ ತಿನ್ನುತ್ತದೆ. ಅದನ್ನು ಕೊನೆಗೆ, ಸಾಣೆ ಹಿಡಿಸುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಿ. ಎಲ್ಲಕ್ಕಿಂತ ದೊಡ್ಡ ಶತ್ರು ನಮ್ಮ ಕೆಂಪು ಮಣ್ಣು. ನೆಲದ ಮೇಲೆ ಎಳೆದು ತಂದ ಸೋಗೆಗೆ ಚಿರೆಕಲ್ಲಿನ ಪುಡಿ ಅಂಟಿರುತ್ತದೆ. ಅದು ಸಾಣೆ ಕಾಗದವನ್ನೇ ಬ್ಲೇಡಿಗೆ ಉಜ್ಜಿದ ಹಾಗೆ. ಎಳೆಯಬೇಡಿ, ಹೊತ್ತು ತನ್ನಿ. ಹೊರೆಯನ್ನು ಒಮ್ಮೆ ಕೊಡವಿ ಹಾಕಿ.

ಎಲ್ಲ ಸರಿಯಾಗಿ ಕೊಟ್ಟರೂ ಎಳೆಯುತ್ತಿಲ್ಲ ಅಂದರೆ ಬ್ಲೇಡು ಬಿಚ್ಚುವ ಸಮಯ ಬಂತು. ಮೇಲೆ ಹೇಳಿದ ಕ್ರಮ ಮಾಡಿ, ಡ್ರಮ್ ಕದಲದ ಹಾಗೆ ಮರದ ತುಂಡು ಕೊಟ್ಟು ಬಿಚ್ಚಿ. ಮೊದಲು ಬ್ಲೇಡು ತೊಳೆಯಿರಿ. ಹಲಸಿನ ಮೇಣ, ಮಾವಿನ ಸೊನೆ ಗಟ್ಟಿಯಾಗಿ ಅಂಟಿದ್ದರೆ ಹರಿತದ ಬ್ಲೇಡೂ ಮೊಂಡಿನ ಹಾಗೆ ವರ್ತಿಸುತ್ತದೆ. ಸೀಮೆಎಣ್ಣೆಯೋ ಡೀಸೆಲ್ಲೋ ಹಚ್ಚಿ ಹತ್ತು ನಿಮಿಷ ಬಿಟ್ಟು ಒರೆಸಿ. ತುಂಬಾ ಯಂತ್ರಗಳಲ್ಲಿ ಬ್ಲೇಡಿಗೆ ಎರಡೂ ಕಡೆ ಹರಿತದ ಅಂಚು ಇರುತ್ತದೆ. ತಿರುಗಿಸಿ ಹಾಕಿದರೆ ಹೊಸದೇ ಸಿಕ್ಕ ಹಾಗೆ. ಮೊದಲ ಎರಡು ವರ್ಷ ನನಗೆ ಇದು ಗೊತ್ತಿರಲಿಲ್ಲ.

ಎರಡೂ ಅಂಚು ಹೋಗಿದ್ದರೆ ಸಾಣೆ. ಇಳಿಜಾರಿರುವ ಮುಖವನ್ನು ಮಾತ್ರ ಉಜ್ಜಬೇಕು, ಚಪ್ಪಟೆ ಬೆನ್ನನ್ನು ಮುಟ್ಟಬಾರದು. ಕಂಪನಿಯ ಕೋನವೇ ಉಳಿಯಬೇಕು. ಹೊಸದಿರುವಾಗಲೇ ರಟ್ಟಿನಲ್ಲಿ ಕೋನ ಕತ್ತರಿಸಿಟ್ಟುಕೊಂಡರೆ ಒಳ್ಳೆಯದು. ಗ್ರೈಂಡರಿನಲ್ಲಿ ಉಕ್ಕು ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಅದರ ಹದ ಹೋಯಿತು, ಆ ಜಾಗ ಮತ್ತೆ ಹರಿತ ಹಿಡಿಯುವುದಿಲ್ಲ. ಸ್ವಲ್ಪ ಉಜ್ಜಿ, ನೀರಿಗೆ ಅದ್ದಿ, ಮತ್ತೆ ಸ್ವಲ್ಪ ಉಜ್ಜಿ. ಒಂದಕ್ಕೆ ಎಷ್ಟು ಸವೆಸಿದಿರೋ ಇನ್ನೊಂದಕ್ಕೂ ಅಷ್ಟೇ. ನಾನು ಎರಡನ್ನೂ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಇಟ್ಟು ನೋಡುತ್ತೇನೆ. ಒಂದೆರಡು ಗ್ರಾಮಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಭಾರದ್ದನ್ನು ಮತ್ತೆ ಉಜ್ಜುತ್ತೇನೆ. ಬಿರುಕು ಕಂಡ ಬ್ಲೇಡಿಗೆ ಸಾಣೆ ಇಲ್ಲ, ವೆಲ್ಡಿಂಗೂ ಇಲ್ಲ. ಅದು ಗುಜರಿಗೆ. ಹೊಸದು ಹಾಕುವಾಗ ಎರಡನ್ನೂ ಒಟ್ಟಿಗೇ ಹಾಕಿ.

ಕೂರಿಸುವಾಗ ಬ್ಲೇಡಿನ ಅಡಿ ಒಂದು ಸಣ್ಣ ಚೂರೂ ಉಳಿಯಬಾರದು, ಉಳಿದರೆ ಬ್ಲೇಡು ಎದ್ದು ನಿಲ್ಲುತ್ತದೆ. ಬೋಲ್ಟು ಕಂಪನಿಯದ್ದೇ ಇರಲಿ. ಕಳೆದುಹೋಯಿತೆಂದು ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಬೋಲ್ಟು ಹಾಕಿದವರ ಬ್ಲೇಡು ತಗಡು ಸೀಳಿ ಹೊರಬಂದದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿಗೆ ಅಲ್ಲಿ ಯಾರೂ ನಿಂತಿರಲಿಲ್ಲ.

ಇನ್ನು ಬ್ಲೇಡಿಗೂ ಅಡಿಬ್ಲೇಡಿಗೂ ನಡುವಿನ ಸಂದು. ನಿಮ್ಮ ಯಂತ್ರದ ಪುಸ್ತಕದಲ್ಲಿ ಏನಿದೆಯೋ ಅದೇ ಸರಿ. ಪುಸ್ತಕ ಇಲ್ಲದಿದ್ದರೆ, ಈ ಗಾತ್ರಕ್ಕೆ 1 ಮಿ.ಮೀ.ಯಿಂದ 1.5 ಮಿ.ಮೀ ಸಾಮಾನ್ಯ. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದವರಿಗೆ ಒಂದು ದಾರಿ ಇದೆ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಹಳೆಯ ಕಾರ್ಡು ಒಂದು ಸಲೀಸಾಗಿ ಹೋಗಬೇಕು, ಎರಡು ಸೇರಿಸಿದರೆ ಬಿಗಿಯಾಗಬೇಕು. ಎಡ, ಬಲ, ನಡು, ಮೂರು ಕಡೆ ನೋಡಿ. ಎರಡು ಬ್ಲೇಡಿಗೂ ನೋಡಿ. ಅಡಿಬ್ಲೇಡಿನ ಅಂಚು ದುಂಡಗಾಗಿದ್ದರೆ ಅದನ್ನೂ ತಿರುಗಿಸಬೇಕು. ತುಂಬಾ ಜನ ಮೇಲಿನ ಬ್ಲೇಡಿಗೆ ಸಾಣೆ ಹಿಡಿಸಿ ಇದನ್ನು ಮರೆಯುತ್ತಾರೆ. ಕತ್ತರಿಯ ಒಂದೇ ಅಲಗು ಮಸೆದರೆ ಬಟ್ಟೆ ಕತ್ತರಿಸುತ್ತದಾ? ಎಲ್ಲ ಬಿಗಿಮಾಡಿದ ಮೇಲೆ, ಪ್ಲಗ್ ಕ್ಯಾಪ್ ಹಾಕುವ ಮೊದಲು, ಕೋಲಿನಿಂದ ಡ್ರಮ್ಮನ್ನು ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲೂ ತಾಗಬಾರದು.

ಕೊಂಬೆ ಕೊಟ್ಟ ಕೂಡಲೇ ಇಂಜಿನ್ ಕುಗ್ಗುತ್ತದೆ, ಅಥವಾ ಸುಟ್ಟ ರಬ್ಬರ್ ವಾಸನೆ

ಇಲ್ಲಿ ಕಿವಿಗೆ ಕೆಲಸ. ಕೊಂಬೆ ಕೊಟ್ಟಾಗ ಡ್ರಮ್ ನಿಧಾನವಾಯಿತು, ಆದರೆ ಇಂಜಿನ್ ಶಬ್ದ ಹಾಗೇ ಇದೆ. ಇದು ಬೆಲ್ಟು ಜಾರುವುದು. ಎರಡೂ ಒಟ್ಟಿಗೆ ಕುಗ್ಗಿದರೆ ಹೊರೆ ಜಾಸ್ತಿ, ಬ್ಲೇಡು ಮೊಂಡು, ಅಥವಾ ಇಂಜಿನ್ನಿಗೇ ಉಸಿರಿಲ್ಲ.

ಬೆಲ್ಟಿಗೆ ಹೋಗುವ ಮೊದಲು ಎಕ್ಸಲೇಟರ್ ನೋಡಿ. ಪೆಟ್ರೋಲ್ ಉಳಿಸಲೆಂದು ಅರ್ಧಕ್ಕೆ ಇಟ್ಟು ಕೆಲಸ ಮಾಡುವವರಿದ್ದಾರೆ. ತಾನಾಗಿ ಹಿಡಿಯುವ ಕ್ಲಚ್ ಇರುವ ಯಂತ್ರದಲ್ಲಿ ಅರ್ಧ ವೇಗಕ್ಕೆ ಕ್ಲಚ್ ಪೂರ್ತಿ ಹಿಡಿಯುವುದಿಲ್ಲ, ಜಾರಿ ಜಾರಿ ಸುಟ್ಟುಹೋಗುತ್ತದೆ. ಕೊಂಬೆ ಕೊಡುವಾಗ ಯಾವಾಗಲೂ ಪೂರ್ತಿ ವೇಗ.

ಆಮೇಲೆ ಯಂತ್ರ ನಿಲ್ಲಿಸಿ, ಗಾರ್ಡ್ ಬಿಚ್ಚಿ, ಬೆಲ್ಟಿನ ನಡುಮಧ್ಯ ಹೆಬ್ಬೆರಳಿನಿಂದ ಒತ್ತಿ. ಸುಮಾರು 10-12 ಮಿ.ಮೀ ಬಗ್ಗಬೇಕು. ಜಾಸ್ತಿ ಬಗ್ಗಿದರೆ ಇಂಜಿನ್ನಿನ ಅಡಿಬೋಲ್ಟು ಸಡಿಲಿಸಿ ಹಿಂದಕ್ಕೆ ಸರಿಸಿ. ಬೆಲ್ಟಿನ ಪಕ್ಕ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಇದ್ದರೆ, ಬಿಗಿಮಾಡಿ ಪ್ರಯೋಜನವಿಲ್ಲ, ಬದಲಿಸಿ. ಬೆಲ್ಟಿನ ಬೆನ್ನ ಮೇಲಿನ ನಂಬರ್ ಬರೆದುಕೊಂಡು ಹೋದರೆ ಫೋಂಡಾ, ಮಡಗಾಂವ್‌ನಲ್ಲಿ ಪಂಪ್ ಸಾಮಾನಿನ ಅಂಗಡಿಯಲ್ಲೇ ಸಿಗುತ್ತದೆ. ಎರಡು ಬೆಲ್ಟಿನ ಯಂತ್ರವಾದರೆ ಎರಡನ್ನೂ ಬದಲಿಸಿ. ಹೊಸ ಬೆಲ್ಟು ಮೊದಲ ಒಂದೆರಡು ಗಂಟೆಯಲ್ಲಿ ಸ್ವಲ್ಪ ಹಿಗ್ಗುತ್ತದೆ, ಮತ್ತೊಮ್ಮೆ ಬಿಗಿಮಾಡಬೇಕು. ಜಾರುವ ಬೆಲ್ಟಿಗೆ ರಾಳ, ಗ್ರೀಸ್ ಏನನ್ನೂ ಹಚ್ಚಬೇಡಿ.

ಎರಡೂ ಒಟ್ಟಿಗೆ ಕುಗ್ಗುತ್ತಿದ್ದರೆ ಒಂದು ತೆಳ್ಳನೆ ಹಸಿ ಕೊಂಬೆ ಕೊಟ್ಟು ನೋಡಿ. ಅದಕ್ಕೆ ಕುಗ್ಗದಿದ್ದರೆ ನೀವು ದಪ್ಪದ್ದನ್ನು ಅವಸರದಲ್ಲಿ ಕೊಡುತ್ತಿದ್ದೀರಿ. ಕುಗ್ಗಿದರೆ ಏರ್ ಫಿಲ್ಟರ್ ತೆಗೆಯಿರಿ. ಚಿಪ್ಪರಿನ ಇಂಜಿನ್ ಧೂಳಿನಲ್ಲೇ ಉಸಿರಾಡುತ್ತದೆ, ಪ್ರತಿದಿನ ಕೆಲಸ ಮುಗಿದ ಮೇಲೆ ಫಿಲ್ಟರ್ ನೋಡಬೇಕು. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಎರಡು ಹನಿ ಆಯಿಲ್ ಹಿಂಡಿ ಹಾಕಿ. ಕಾಗದದ್ದಾದರೆ ಮೆಲ್ಲಗೆ ತಟ್ಟಿ, ತೊಳೆಯಬೇಡಿ. ಇಂಜಿನ್ನಿನ ಸುತ್ತಲಿನ ರೆಕ್ಕೆಗಳ ನಡುವೆ ಕೂತ ಪುಡಿಯನ್ನೂ ಬ್ರಶ್ಶಿನಿಂದ ತೆಗೆಯಿರಿ. ಗಾಳಿ ಆಡದೆ ಬಿಸಿಯಾದ ಇಂಜಿನ್ ಮಧ್ಯಾಹ್ನದ ಹೊತ್ತಿಗೆ ಕುಗ್ಗುವುದು ಇದರಿಂದಲೂ.

ಒಂದು ಕೆಲಸ ಮಾತ್ರ ಯಾರು ಹೇಳಿದರೂ ಮಾಡಬೇಡಿ. ಇಂಜಿನ್ ವೇಗವನ್ನು ಮಿತಿಯಲ್ಲಿಡುವ ಗವರ್ನರ್ ಸ್ಪ್ರಿಂಗ್ ಎಳೆದು ವೇಗ ಹೆಚ್ಚಿಸುವುದು. ಈ ಇಂಜಿನ್‌ಗಳನ್ನು ನಿಮಿಷಕ್ಕೆ ಸುಮಾರು 3,600 ಸುತ್ತಿಗೆ ಕಟ್ಟಿರುತ್ತಾರೆ, ಡ್ರಮ್ಮನ್ನೂ ಆ ಲೆಕ್ಕಕ್ಕೇ ಮಾಡಿರುತ್ತಾರೆ. ಅದಕ್ಕಿಂತ ಮೇಲೆ ತಿರುಗಿಸಿದರೆ ಬ್ಲೇಡು ಕಿತ್ತು ಬರಬಹುದು.

ಚೂರು ಹೊರಗೆ ಬರುತ್ತಿಲ್ಲ

ಒದ್ದೆ ಎಲೆ, ಬಾಳೆ ದಿಂಡು, ಅಡಿಕೆ ಹಾಳೆ ಹಾಕಿದಾಗ ಕೊಳವೆ ಕಟ್ಟಿಕೊಳ್ಳುತ್ತದೆ. ಬಾಯಿಯಿಂದ ಚೂರು ವಾಪಸ್ ಎಗರತೊಡಗಿದರೆ ತಕ್ಷಣ ಕೊಡುವುದು ನಿಲ್ಲಿಸಿ. ಕೊಳವೆಯ ಬಾಯಿಯಲ್ಲಿ ರಾಶಿ ಎತ್ತರವಾಗಿ ಮುಚ್ಚಿದೆಯಾ ಮೊದಲು ನೋಡಿ, ಎಷ್ಟೋ ಸಲ ಅಷ್ಟೇ ಇರುತ್ತದೆ. ಒಳಗೇ ಕಟ್ಟಿದ್ದರೆ ಯಂತ್ರ ನಿಲ್ಲಿಸಿ, ಕ್ಯಾಪ್ ಕಿತ್ತು, ಕೊಳವೆ ಬಿಚ್ಚಿ ಕೋಲಿನಿಂದ ಕೆದಕಿ. ಶಾಫ್ಟಿಗೆ ಸುತ್ತಿದ ನಾರನ್ನು ಚಾಕುವಿನಿಂದ ಕುಯ್ದು ತೆಗೆಯಿರಿ. ಮುಂದೆ ಒದ್ದೆ ಸೊಪ್ಪನ್ನು ಒಣ ಕೊಂಬೆಯ ಜೊತೆ ಬೆರೆಸಿ ಕೊಡಿ. ಬಾಳೆ ದಿಂಡನ್ನು ಕತ್ತಿಯಿಂದ ಕೊಚ್ಚಿ ಬುಡಕ್ಕೆ ಹಾಕಿದರೆ ಸಾಕು, ಅದಕ್ಕೆ ಯಂತ್ರ ಬೇಕಾಗಿಲ್ಲ.

ನಡುಕ, ಕಬ್ಬಿಣದ ಶಬ್ದ

ಟಣ್ ಎಂದು ಒಂದೇ ಒಂದು ಸಲ ಕೇಳಿದರೂ ನಿಲ್ಲಿಸಿ. ಇನ್ನೊಂದು ಕೊಂಬೆ ಮುಗಿಸಿ ನೋಡೋಣ ಅನ್ನಬೇಡಿ.

ನಡುಕ ಮಾತ್ರ ಇದ್ದರೆ ಸುಲಭದ್ದರಿಂದ ಶುರು ಮಾಡಿ. ಯಂತ್ರ ಗಟ್ಟಿ ನೆಲದ ಮೇಲಿದೆಯಾ? ಅಡಿಯ ಬೋಲ್ಟು, ಇಂಜಿನ್ ಬೋಲ್ಟು ಸಡಿಲವಾಗಿದೆಯಾ? ಬೆಲ್ಟಿನಲ್ಲಿ ಗಂಟು ಎದ್ದಿದೆಯಾ? ಆಮೇಲೆ ಡ್ರಮ್. ಒಂದೇ ಕಡೆ ನಾರು, ಮೇಣ ಕೂತಿದ್ದರೂ ತೂಕ ಏರುಪೇರಾಗಿ ಇಡೀ ಯಂತ್ರ ಅದುರುತ್ತದೆ. ಸ್ವಚ್ಛ ಮಾಡಿದರೆ ನಿಲ್ಲುತ್ತದೆ. ಸಾಣೆ ಹಿಡಿಸಿ ಹಾಕಿದ ದಿನದಿಂದಲೇ ನಡುಕ ಶುರುವಾಗಿದ್ದರೆ ಎರಡು ಬ್ಲೇಡಿನ ತೂಕ ಸಮ ಇಲ್ಲ.

ಬೇರಿಂಗಿಗೆ ಎರಡು ಪರೀಕ್ಷೆ. ಬೆಲ್ಟು ಕಳಚಿ ಡ್ರಮ್ಮನ್ನು ತಿರುಗಿಸಿದಾಗ ಕರಕರ ಅಂದರೆ ಅಥವಾ ಶಾಫ್ಟ್ ಮೇಲೆ ಕೆಳಗೆ ಅಲುಗಿದರೆ ಬೇರಿಂಗ್ ಹೋಗಿದೆ. ಅರ್ಧ ಗಂಟೆ ಓಡಿಸಿ, ಪೂರ್ತಿ ನಿಂತ ಮೇಲೆ ಬೇರಿಂಗಿನ ಮನೆ ಮುಟ್ಟಿದಾಗ ಕೈ ಇಡಲಾಗದಷ್ಟು ಬಿಸಿ ಇದ್ದರೆ ಗ್ರೀಸ್ ಒಣಗಿದೆ, ಅಥವಾ ಅದೂ ಹೋಗುವುದರಲ್ಲಿದೆ. ಗ್ರೀಸ್ ನಿಮ್ಮ ಕೆಲಸ. ಬೇರಿಂಗ್ ಬದಲಿಸುವುದು, ಬಗ್ಗಿದ ಶಾಫ್ಟು, ಬಿರುಕು ಬಿಟ್ಟ ಡ್ರಮ್, ಇವೆಲ್ಲ ಲೇತ್ ವರ್ಕ್‌ಶಾಪಿನವರ ಕೆಲಸ. ಡ್ರಮ್ಮಿಗೆ ಮನೆಯಲ್ಲಿ ವೆಲ್ಡಿಂಗ್ ಮಾಡಿಸಲೇಬೇಡಿ.

ಕಬ್ಬಿಣ ಒಳಗೆ ಹೋಗುವುದು ನಮ್ಮ ಕೈಯಿಂದಲೇ. ಬಟ್ಟೆ ಒಣಹಾಕಲು ಮರಕ್ಕೆ ಹೊಡೆದ ಮೊಳೆ, ಬೇಲಿಯ ತಂತಿ, ಮೆಣಸಿನ ಬಳ್ಳಿ ಕಟ್ಟಿದ ವೈರು. ಹಳೆಯ ಬೇಲಿಯ ಕೊಂಬೆಯನ್ನು ನಾನು ಚಿಪ್ಪರಿಗೆ ಕೊಡುವುದೇ ಇಲ್ಲ. ರಾತ್ರಿಯಿಡೀ ಬಿದ್ದ ರಾಶಿಯನ್ನು ಕೈಯಿಂದ ಎತ್ತುವ ಮೊದಲು ಉದ್ದ ಕೋಲಿನಿಂದ ಸರಿಸಿ ನೋಡಿ. ಕಬ್ಬಿಣಕ್ಕೂ ಆಯಿತು, ಕೊಳಕುಮಂಡಲಕ್ಕೂ ಆಯಿತು. ಇನ್ನೊಂದು, ಕಾಡಂಚಿನ ಪೊದೆಯಲ್ಲಿ ಹೊಲಗೇರು ಇದ್ದರೆ ಬೇರೆ ಇಡಿ. ಅದರ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ. ಚೂರಾಗಿ ಗಾಳಿಗೆ ಹಾರಿದರೆ ಕಣ್ಣು ಮುಖ ಉಳಿಯುವುದಿಲ್ಲ.

ಹೊಗೆ

ಕಪ್ಪು ಹೊಗೆ ಬಂದರೆ ಚೋಕ್ ಎಳೆದೇ ಬಿಟ್ಟಿದ್ದೀರಿ ಅಥವಾ ಏರ್ ಫಿಲ್ಟರ್ ಮುಚ್ಚಿದೆ. ನೀಲಿ-ಬಿಳಿ ಹೊಗೆ ಬಂದರೆ ಆಯಿಲ್ ಜಾಸ್ತಿಯಾಗಿದೆ ಅಥವಾ ಯಂತ್ರ ಮಗ್ಗುಲಾಗಿತ್ತು. ಐದು ನಿಮಿಷದಲ್ಲಿ ನಿಂತರೆ ಚಿಂತೆ ಇಲ್ಲ. ದಿನವೂ ಬಂದು ಆಯಿಲ್ ಇಳಿಯುತ್ತಿದ್ದರೆ ಮೆಕ್ಯಾನಿಕ್. ಬೆಲ್ಟಿನ ಕಡೆಯಿಂದ ಹೊಗೆ ಬಂದರೆ ಆಗಲೇ ಆಫ್ ಮಾಡಿ.

ಕರೆಂಟಿನ ಚಿಪ್ಪರ್ ಗುಂಯ್ ಎನ್ನುತ್ತದೆ, ತಿರುಗುತ್ತಿಲ್ಲ

ವಾಸ್ಕೋದ ಸೊಸೈಟಿಗಳಲ್ಲಿ ಸಿಂಗಲ್ ಫೇಸ್ 3 ಎಚ್‌ಪಿ ಮೋಟಾರಿನದು ಇಡುತ್ತಾರೆ. ಕರೆಂಟಿನ ಪ್ಲಗ್ ಕಿತ್ತು ಡ್ರಮ್ ಸಲೀಸಾಗಿ ತಿರುಗುತ್ತದಾ ನೋಡಿ. ತಿರುಗಿದರೆ ವೈರ್ ನೋಡಿ. ಈ ಮೋಟಾರು ಸುಮಾರು 15 ಆಂಪಿಯರ್ ಎಳೆಯುತ್ತದೆ, ಶುರುವಿನಲ್ಲಿ ಅದಕ್ಕಿಂತ ತುಂಬಾ ಜಾಸ್ತಿ. ಮನೆಯ ತೆಳು ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಓಲ್ಟೇಜ್ ಬಿದ್ದು ಮೋಟಾರು ಏಳುವುದೇ ಇಲ್ಲ. 2.5 ಚದರ ಮಿ.ಮೀ ತಾಮ್ರದ ವೈರ್ ಬೇಕು, ದೂರ 30 ಮೀಟರ್ ದಾಟಿದರೆ 4 ಚದರ ಮಿ.ಮೀ. ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹಾಸಿ, ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗುತ್ತದೆ. ವೈರೂ ಸರಿ ಇದ್ದರೆ ಕೆಪಾಸಿಟರ್ ಹೋಗಿರಬಹುದು. ಅದರಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟ್ ಉಳಿದಿರುತ್ತದೆ, ಇಲೆಕ್ಟ್ರಿಷಿಯನ್ ಕೈಗೇ ಬಿಡಿ. ಕರೆಂಟ್ ಸೋರಿದರೆ ತಾನೇ ಆಫ್ ಮಾಡುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಇಲ್ಲದ ಲೈನಿನಲ್ಲಿ ಈ ಯಂತ್ರ ನಡೆಸಬೇಡಿ. ಹನಿ ಮಳೆಯಲ್ಲೂ ಬೇಡ.

ಮೆಕ್ಯಾನಿಕ್ ಹತ್ತಿರ ಹೋಗುವಾಗ

"ಸರಿ ಇಲ್ಲ, ನೋಡಿ ಕೊಡಿ" ಎಂದು ಬಿಟ್ಟುಬರಬೇಡಿ. ಶಬ್ದ ಯಾವಾಗ ಬಂತು, ಇಂಜಿನ್ ಕುಗ್ಗಿತೋ ಡ್ರಮ್ ಮಾತ್ರವೋ, ಕೊನೆಗೆ ಏನು ಹಾಕುತ್ತಿದ್ದಿರಿ, ಬ್ಲೇಡು ಯಾವಾಗ ಬಿಚ್ಚಿದ್ದಿರಿ, ಇಷ್ಟನ್ನು ಹೇಳಿ. ಟ್ಯಾಂಕ್ ಖಾಲಿ ಮಾಡಿ, ಯಂತ್ರವನ್ನು ನೆಟ್ಟಗೆ ನಿಲ್ಲಿಸಿಯೇ ಟೆಂಪೋಗೆ ಕಟ್ಟಿ. ಜೊತೆಗೆ ಒಂದು ಕವರಿನಲ್ಲಿ ಕೊನೆಯ ಸಲ ಬಂದ ಚೂರು ಎರಡು ಮುಷ್ಟಿ ಹಾಕಿಕೊಂಡು ಹೋಗಿ, ಅವರ ಮೇಜಿನ ಮೇಲೆ ಸುರಿಯಿರಿ.